ಕನ್ನಡದ ಇಂಜಿನಿಯರು

ಔರಂಗಾಬಾದಿನ ಎಸ್.ಟಿ. ಸ್ಟ್ಯಾಂಡಿಗೆ ಬಂದು ನಿಂತ ಕೆಂಪು ಬಸ್ಸಿನ ಹಣೆಯ ಮೇಲೆ ನಾಗರಿ ಅಕ್ಷರದಲ್ಲಿ ‘ಕನ್ನಡ’ ಎಂದು ಬರೆದಿತ್ತು. ಬರೆದಿದ್ದರೆ ಬರೆದಿರಲಿ, ಬೆರಗಾಗುವಂಥದ್ದೇನಿದೆ. ಅದೊಂದು ಊರು, ಇಲ್ಲಿಂದ ಒಂದೂವರೆ ತಾಸಿನ ತಾಲೂಕು ಊರು, ಅಲ್ಲಿ ಸಂತೆ ಇದೆ, ಕಚೇರಿ ಇದೆ, ಜನ ಮೆಣಸಿನಕಾಯಿಯ ಚೀಲ ಹೊತ್ತುಕೊಂಡು ಅಲ್ಲಿಂದ ಬಂದು ಇಳಿಯುತ್ತಿದ್ದಾರೆ. ಅವರಲ್ಲಿ ಒಬ್ಬರೂ ಆ ಮೂರಕ್ಷರದ ಕಡೆ ತಿರುಗಿ ನೋಡಲಿಲ್ಲ. ರಘೋತ್ತಮನಿಗೆ ಮಾತ್ರ ಆ ಬೋರ್ಡನ್ನು ನೆಟ್ಟಗೆ ನೋಡುವುದು ಆಗಲೊಲ್ಲದು. ಹೆಗಲಿಗೆ ತಗುಲಿಸಿದ ತಗಡಿನ ಕೊಳವೆಯಲ್ಲಿ ಹದಿನಾಲ್ಕು ಪುಟಗಳು ಸುರುಳಿಯಾಗಿ ಕೂತಿದ್ದವು. ಮೊದಲ ಪುಟದ ಮೇಲೆ ದಪ್ಪ ಅಕ್ಷರದಲ್ಲಿ ‘ಕನ್ನಡದ ಇಂಜಿನಿಯರು: ವೆಂಕಟರಾಯರ ಚಿತ್ರಕಥೆ’ ಎಂದಿತ್ತು. ಅಂಗಿಯ ಕಿಸೆಯಲ್ಲಿ ಹನ್ನೆರಡು ದಿನಗಳಿಂದ ಒಂದು ಕಾರ್ಡು ಬೆವರಿನಲ್ಲಿ ನೆನೆದು ಮೆತ್ತಗಾಗಿತ್ತು. ಕಂಡಕ್ಟರ್ ಬಾಗಿಲಲ್ಲಿ ನಿಂತು ‘ಕನ್ನಡ, ಕನ್ನಡ, ಕನ್ನಡ’ ಎಂದು ಕೂಗತೊಡಗಿದ. ನವೆಂಬರ್ ಒಂದಕ್ಕೆ ನಾಶಿಕದ ಕನ್ನಡ ಸಂಘದಲ್ಲಿ ಕಾರ್ಯದರ್ಶಿ ಹರಿದಾಸರಾಯರು ಕೂಗುವ ಹಾಗೆಯೇ ಕೂಗುತ್ತಾನಲ್ಲ ಇವನು ಎಂದು ರಘೋತ್ತಮನಿಗೆ ನಗು ಬಂತು. ನಗು ಬಂದದ್ದಕ್ಕೆ ಹಿಂದೆಯೇ ಸಂಕಟವೂ ಆಯಿತು. ಹತ್ತಿ ಕಿಟಕಿಯ ಪಕ್ಕ ಕೂತ.

ಅವನು ದೇವಳಾಲಿ ಕ್ಯಾಂಪಿನ ಮಿಲಿಟರಿ ಕಟ್ಟಡಗಳ ಆಫೀಸಿನಲ್ಲಿ ಟ್ರೇಸರ್. ಇಂಜಿನಿಯರು ಗೆರೆ ಎಳೆಯುತ್ತಾರೆ, ಡ್ರಾಫ್ಟ್ಸ್‌ಮನ್ ಅದನ್ನು ಅಚ್ಚುಕಟ್ಟು ಮಾಡುತ್ತಾನೆ, ಅದರ ಮೇಲೆ ಪಾರದರ್ಶಕ ಕಾಗದ ಹಾಸಿ, ಕೆಳಗೆ ಕಾಣುವ ಗೆರೆಯ ಮೇಲೆ ಗೆರೆ ಎಳೆಯುವವನು ಟ್ರೇಸರ್. ಇಪ್ಪತ್ತೆರಡು ವರ್ಷ ಅವನು ಬ್ಯಾರಕ್ಕಿನ ಗೋಡೆಗಳನ್ನೂ ಕುದುರೆ ಲಾಯಗಳನ್ನೂ ಸಂಡಾಸುಗಳನ್ನೂ ಇನ್ನೊಬ್ಬರ ಗೆರೆಯ ಮೇಲೆಯೇ ಎಳೆದಿದ್ದ. ಇಲಾಖೆಯ ಪರೀಕ್ಷೆಗೆ ಮೂರು ಸಲ ಕೂತು ಮೂರು ಸಲವೂ ನಪಾಸಾಗಿದ್ದ. ಆಫೀಸಿನಲ್ಲಿ ಅವನಿಗೆ ಹೆಸರೇ ಇಲ್ಲ. ‘ಟ್ರೇಸರ್‌ಗೆ ಹೇಳಿ’, ‘ಟ್ರೇಸರ್ ಎಲ್ಲಿ’, ಅಷ್ಟೆ. ಸಂಘದಲ್ಲಾದರೂ ಬೇರೆ ಇತ್ತೇ? ನಾಶಿಕದ ಕನ್ನಡ ಸಂಘದವರು ಹೆಚ್ಚಾಗಿ ಬ್ಯಾಂಕಿನ ಅಧಿಕಾರಿಗಳು, ಮೂರು ವರ್ಷಕ್ಕೊಮ್ಮೆ ವರ್ಗವಾಗಿ ಬರುವವರು, ಹೋಗುವವರು. ಹೋಗದೆ ಉಳಿದವನು ಇವನು. ಹೀಗಾಗಿ ಜಮಖಾನಿ ಎಲ್ಲಿದೆ, ಬೀಗದ ಕೈ ಎಲ್ಲಿದೆ, ಚಹದ ಕಪ್ಪುಗಳೆಷ್ಟು ಎಂಬುದು ಇವನಿಗೇ ಗೊತ್ತು. ಹನ್ನೊಂದು ವರ್ಷ ಜಮಖಾನಿ ಹಾಸಿದ, ಸುತ್ತಿಟ್ಟ. ಕಾರ್ಯದರ್ಶಿ ಹರಿದಾಸರಾಯರು ಒಳ್ಳೆಯವರೇ. ‘ನಮ್ಮ ರಘೋತ್ತಮ ಇದ್ದಾನಲ್ಲ, ಹಾಸ್ತಾನ ಬಿಡ್ರಿ’ ಎಂದು ಪ್ರೀತಿಯಿಂದಲೇ ಅನ್ನುತ್ತಿದ್ದರು. ಆ ಪ್ರೀತಿ ಒಮ್ಮೊಮ್ಮೆ ಗಂಟಲಲ್ಲಿ ಅನ್ನ ಸಿಕ್ಕಿದಂತಾಗುತ್ತಿತ್ತು.

ಬಸ್ಸು ಖುಲ್ದಾಬಾದಿನ ಏರು ಹತ್ತುವಾಗ ಅವನಿಗೆ ಆ ಭಾನುವಾರ ನೆನಪಾಯಿತು. ನೆನಪಾಯಿತು ಎನ್ನುವುದೂ ಸುಳ್ಳು, ಅದು ಬಿಟ್ಟು ಹೋಗಿದ್ದರೆ ತಾನೆ ನೆನಪಾಗುವುದು? ದೇವಳಾಲಿಯ ಆಚೆ ಒಂದು ಹಳ್ಳ. ಹಳ್ಳಕ್ಕೆ ಅಡ್ಡಲಾಗಿ ಹಳೆಯ ಕಲ್ಲಿನ ಒಡ್ಡು, ಅಲ್ಲಿಯವರ ಮಾತಿನಲ್ಲಿ ಬಾಂದಾರ. ಸೈಕಲ್ಲಿನ ಹಿಂದೆ ಮಗಳು ಶುಭಾ ಕೂತಿದ್ದಳು. ಹದಿಮೂರು ವರ್ಷದವಳು, ಮರಾಠಿ ಶಾಲೆ, ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ. ‘ಊಟ ಆತೇನು’ ಎಂದರೆ ‘ಝಾಲಂ’, ಆಯಿತು ಅಂತ. ಕನ್ನಡ ಅಕ್ಷರ ಕಲಿಸಲು ಕೂತರೆ ಹೊಟ್ಟೆನೋವು ಬರುತ್ತಿತ್ತು ಅವಳಿಗೆ. ಅವಳ ಶಾಲೆಯಲ್ಲಿ ಹುಡುಗಿಯರು ‘ಕಾನಡಿ, ಕಾನಡಿ’ ಎಂದು ಅವಳ ಮಾತನ್ನು ಅಣಕಿಸುತ್ತಾರೆಂದು ಹೆಂಡತಿ ಸುಮನ ಹೇಳಿದ್ದಳು. ಆ ದಿನ ಒಡ್ಡಿನ ತುದಿಯಲ್ಲಿ ಪಾಚಿ ಹಿಡಿದ ಒಂದು ಕಲ್ಲನ್ನು ರಘೋತ್ತಮ ಕರವಸ್ತ್ರದಿಂದ ಉಜ್ಜಿದ. ಮರಾಠಿಯಲ್ಲಿ ಕೆತ್ತಿತ್ತು: ‘ಹಾ ಬಂಧಾರಾ ಕನ್ನಡಚೇ ಇಂಜಿನಿಯರ ವ್ಯಂಕಟರಾವ ಯಾಂನೀ ಬಾಂಧಲಾ’, ಕೆಳಗೆ 1894. ಈ ಒಡ್ಡನ್ನು ಕನ್ನಡದ ಇಂಜಿನಿಯರ್ ವ್ಯಂಕಟರಾಯರು ಕಟ್ಟಿದರು. ಕನ್ನಡದ! ‘ಶುಭಾ, ನೋಡು ನೋಡು, ನಮ್ಮವರು ಕಟ್ಟಿದ್ದು! ನಮ್ಮ ಕನ್ನಡದವರು!’ ಎಂದು ಅವನು ಕೂಗಿಯೇ ಬಿಟ್ಟ. ಶುಭಾ ಕಲ್ಲಿನ ಮೇಲೆ ಬೆರಳಾಡಿಸಿ ಓದಿದಳು, ಏನೋ ಹೇಳಲು ಬಾಯಿ ತೆರೆದಳು, ಅಪ್ಪನ ಮುಖ ನೋಡಿದಳು, ಬಾಯಿ ಮುಚ್ಚಿಕೊಂಡಳು. ಅವಳಿಗೂ ಸಂತೋಷವಾಗಿದೆ, ಮಾತು ಹೊರಡದು ಎಂದುಕೊಂಡ.

ಅವನಿಗೆ ಕನ್ನಡವೆಂಬ ಊರು ಇದೆಯೆಂದು ಗೊತ್ತಿರಲಿಲ್ಲವೆ? ಇಲ್ಲೇ ಇರುವುದು ತೊಡಕು. ಇಪ್ಪತ್ತೆರಡು ವರ್ಷ ಮಹಾರಾಷ್ಟ್ರದ ಬಸ್ ಸ್ಟ್ಯಾಂಡುಗಳಲ್ಲಿ ನಿಂತವನಿಗೆ ಆ ಬೋರ್ಡು ಕಾಣದೆ ಇರುತ್ತದೆಯೆ? ಕಂಡಿತ್ತು. ಮೊದಲ ಸಲ ಕಂಡಾಗ ಸುಮನಳಿಗೆ ತಮಾಷೆ ಮಾಡಿಯೂ ಇದ್ದ. ಆದರೆ ಆ ದಿನ ಕಲ್ಲಿನ ಮುಂದೆ ಆ ಊರು ಅವನ ತಲೆಯಿಂದ ಮಾಯವಾಗಿತ್ತು. ಮಾಯವಾಗಿತ್ತೋ, ಅವನೇ ಹೊರಗೆ ನಿಲ್ಲಿಸಿ ಬಾಗಿಲು ಹಾಕಿದನೋ, ಅವನಿಗೇ ತಿಳಿಯದು. ಮುಂದಿನ ವಾರ ಸಂಘದ ಸಭೆಯಲ್ಲಿ ಜಮಖಾನಿಯ ಅಂಚಿನಲ್ಲಿ ಕೂತಿದ್ದವನು ಎದ್ದು ನಿಂತು ಮಾತಾಡಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ತೊಂಬತ್ತನಾಲ್ಕು ವರ್ಷದ ಹಿಂದೆ ಇಲ್ಲಿಯ ನೀರು ಕಟ್ಟಿದವರು ನಮ್ಮವರು ಎಂದ. ಚಪ್ಪಾಳೆ ಬಿತ್ತು. ಹರಿದಾಸರಾಯರು ಎದ್ದು ಬಂದು ಬೆನ್ನು ತಟ್ಟಿದರು. ‘ನಮ್ಮ ಹುಡುಗರಿಗೆ ಕನ್ನಡ ತಿಳೀತದ, ಓದಲಿಕ್ಕೆ ಬರೂದಿಲ್ಲ. ದೊಡ್ಡ ಪುಸ್ತಕ ಕೊಟ್ರ ಮೂಸಿ ನೋಡೂದಿಲ್ಲ. ಕಾಮಿಕ್ಸ್ ಮಾಡೂಣು! ಚಿತ್ರ ಹೆಚ್ಚು, ಮಾತು ಕಡಿಮಿ. ನೀ ತೆಗೀತಿಯೇನಪಾ?’ ಎಂದರು. ತೆಗೆಯುತ್ತೇನೆ ಎಂದ ಅವನು. ಆ ರಾತ್ರಿ ಊಟ ಸೇರಲಿಲ್ಲ, ಅಷ್ಟು ಸಂತೋಷ.

ಹೆಸರು, ಇಸವಿ, ಒಡ್ಡು, ಇಷ್ಟೇ ಬಂಡವಾಳ. ಉಳಿದದ್ದನ್ನು ಅವನೇ ಹುಟ್ಟಿಸಿದ. ಧಾರವಾಡದ ಕಡೆಯ ಒಂದು ಮನೆ ಬರೆದ. ಮಗುವಿಗೆ ಉಣಿಸುವ ತಾಯಿಯನ್ನು ಬರೆದ. ಬಚ್ಚಲ ನೀರು ಹರಿದು ಹಿತ್ತಲಿಗೆ ಹೋಗುವುದನ್ನು ನೋಡುತ್ತ ಕೂತ ಹುಡುಗ ‘ಅವ್ವಾ, ಈ ನೀರು ಎಲ್ಲಿಗೆ ಹೋಗ್ತದ?’ ಎಂದು ಕೇಳುತ್ತಾನೆ. ಆಮೇಲೆ ದೀಪದ ಬೆಳಕಿನಲ್ಲಿ ಓದು, ದೊಡ್ಡ ರುಮಾಲು, ಕನ್ನಡಕ, ಬಿಳಿ ಸಾಹೇಬನ ಮುಂದೆ ಎದೆಯೆತ್ತಿ ಮಾತು. ಅವನಿಗೇ ಆಶ್ಚರ್ಯವಾಗುವಂತೆ ಕೈ ಓಡಿತು. ಕೆಳಗೆ ಯಾರದೂ ನಕ್ಷೆ ಇಲ್ಲದ ಬರಿ ಕಾಗದದ ಮೇಲೆ ಮೊದಲ ಗೆರೆ ಎಳೆದಾಗ ಬೆರಳು ತಣ್ಣಗಾಗಿದ್ದವು. ಕಲ್ಲಿನ ಮೇಲಿದ್ದ ‘ವ್ಯಂಕಟರಾವ’ ಎಂಬ ಹೆಸರನ್ನು ಮಾತ್ರ ‘ವೆಂಕಟರಾವ್’ ಎಂದು ಮಾಡಿದ. ವ್ಯಂ ತೆಗೆದು ವೆಂ, ಅಷ್ಟೆ. ಒಂದು ಒತ್ತಕ್ಷರ ಹಾರಿಸಿದರೆ ಮನುಷ್ಯ ಕೃಷ್ಣಾ ನದಿ ದಾಟಿ ಈಚೆ ಬಂದುಬಿಡುತ್ತಾನೆ. ಅದನ್ನು ಮಾಡುವಾಗ ಹೆಂಡತಿ ಚಹ ತಂದಿಟ್ಟಳು. ಅವನು ಅಂಗೈಯಿಂದ ಅಕ್ಷರವನ್ನು ಮುಚ್ಚಿಕೊಂಡ. ಯಾಕೆ ಮುಚ್ಚಿಕೊಂಡೆ ಎಂದು ಆಗ ಕೇಳಿಕೊಳ್ಳಲಿಲ್ಲ.

ಇದಕ್ಕಿಂತ ದೊಡ್ಡದು ಇನ್ನೊಂದು ನಡೆಯಿತು. ಮಾತಿನ ಗುಳ್ಳೆಗಳೊಳಗೆ ಅಕ್ಷರ ತುಂಬಲು ಅವನ ಕೈ ದಪ್ಪ. ಶುಭಾಳ ಅಕ್ಷರ ಮುತ್ತಿನಂಥದು, ಆದರೆ ಮರಾಠಿಯದು. ಒಂದು ಸಂಜೆ ಅವಳೇ ಬಂದು ಪಕ್ಕದಲ್ಲಿ ಕೂತಳು. ‘ಅಪ್ಪಾ, ಮೀ ಲಿಹೂ?’ ನಾನು ಬರೆಯಲಾ ಎಂದಳು. ಅವನು ಹೇಳಿಕೊಟ್ಟ, ಅವಳು ಬರೆದಳು. ಅ ಕ್ಕೆ ಇಷ್ಟು ಹೊಟ್ಟೆ, ಹ ಕ್ಕೆ ಇಂಥ ತಲೆಕಟ್ಟು. ಒಂದು ತಿಂಗಳಲ್ಲಿ ವರ್ಣಮಾಲೆ ಬಂತು, ಕಾಗುಣಿತ ಬಂತು, ಒತ್ತಕ್ಷರದಲ್ಲಿ ಅರ್ಧ ಬಂತು. ಬರೆಯುತ್ತ ಬರೆಯುತ್ತ ಅವಳು ಗುಳ್ಳೆಯೊಳಗಿನ ಮಾತನ್ನು ಬಾಯಿಬಿಟ್ಟು ಓದುತ್ತಿದ್ದಳು: ‘ಈ ನೀರು ಎಲ್ಲಿಗೆ ಹೋಗ್ತದ?’ ಆಮೇಲೆ ಅಡುಗೆಮನೆಗೆ ಹೋಗಿ ‘ಅವ್ವಾ, ನೀರು ಕೊಡು’ ಎಂದು ಕನ್ನಡದಲ್ಲೇ ಕೇಳುತ್ತಿದ್ದಳು. ಸುಮನ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾವ ಪಾಠಕ್ಕೂ ಬಗ್ಗದ ಹುಡುಗಿ ಈ ವೆಂಕಟರಾಯನಿಗೆ ಬಗ್ಗಿದಳು. ನಮ್ಮವನೊಬ್ಬ ಇಲ್ಲಿ ದೊಡ್ಡವನಾಗಿದ್ದ ಎಂಬ ಒಂದೇ ಮಾತಿಗೆ ಅವಳ ನಾಲಗೆ ಬಿಚ್ಚಿತು ಎಂದು ರಘೋತ್ತಮ ನಂಬಿದ. ಹಾಗಾದರೆ ಆ ಮಾತೇ ಸುಳ್ಳಾದರೆ? ಹನ್ನೆರಡು ದಿನಗಳ ಹಿಂದೆ ಆಫೀಸಿನ ವಿಳಾಸಕ್ಕೆ ಕಾರ್ಡು ಬಂದಾಗಿನಿಂದ ಅವನನ್ನು ಕೊರೆಯುತ್ತಿದ್ದುದು ಅದೇ. ಹರಿದಾಸರಾಯರು ಬೈದಾರು, ಬೈಯಲಿ; ಮತ್ತೆ ಜಮಖಾನಿ ಹಾಸಿದರಾಯಿತು. ಆದರೆ ಮಗಳು ಮತ್ತೆ ‘ಝಾಲಂ’ ಎಂದರೆ?

ಕಾರ್ಡು ಬರೆದವರು ಕನ್ನಡ ಊರಿನ ಕುಸುಮಾವತಿ, ನಿವೃತ್ತ ಶಿಕ್ಷಕಿ. ಅವರ ಸಂಬಂಧಿಕರೊಬ್ಬರು ನಾಶಿಕದ ಪತ್ರಿಕೆಯಲ್ಲಿ ಈ ಚಿತ್ರಕಥೆಯ ಬಗ್ಗೆ ಬಂದ ನಾಲ್ಕು ಸಾಲಿನ ಸುದ್ದಿಯನ್ನು ಕತ್ತರಿಸಿ ಕಳಿಸಿದ್ದರಂತೆ. ಮರಾಠಿಯ ದುಂಡನೆಯ ಅಕ್ಷರದಲ್ಲಿ ಬರೆದಿದ್ದರು: ವ್ಯಂಕಟರಾವ್ ನನ್ನ ತಾತ, ನಮ್ಮ ಊರಿನಲ್ಲೇ ಹುಟ್ಟಿ ಬೆಳೆದವರು. ನೀವು ಮಕ್ಕಳಿಗಾಗಿ ಅವರ ಕಥೆ ಮಾಡುತ್ತಿರುವುದು ಬಹಳ ಆನಂದ. ಒಂದೇ ಸೂಚನೆ, ‘ಕಾನಡಿ ವೇಗಳಂ, ಕನ್ನಡ ವೇಗಳಂ’. ಕಾನಡಿಯೆಂಬ ಆ ಭಾಷೆ ಬೇರೆ, ಕನ್ನಡವೆಂಬ ಈ ಊರು ಬೇರೆ. ಕೆಳಗೆ, ಈ ಕಡೆ ಬಂದರೆ ಮನೆಗೆ ಬನ್ನಿ. ಒಂದು ಕಟುವಾದ ಶಬ್ದ ಇರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಆಫೀಸು ನಕ್ಷೆಗಳನ್ನು ಕೊಟ್ಟು ಔರಂಗಾಬಾದಿಗೆ ಕಳಿಸಿದಾಗ ಒಂದು ದಿನ ರಜೆ ಹಾಕಿ ಉಳಿದುಕೊಂಡ. ಕೊನೆಯ ಎರಡು ಪುಟಕ್ಕೆ ರಾಯರು ಕಡೆಗಾಲದಲ್ಲಿ ಇದ್ದ ಮನೆಯ ಚಿತ್ರ ಬೇಕು ಎಂದು ಸುಮನಳಿಗೆ ಹೇಳಿ ಬಂದಿದ್ದ. ಅದು ಸುಳ್ಳೂ ಅಲ್ಲ.

ಮನೆ ಸಂತೆಪೇಟೆಯ ಹಿಂದಿನ ಓಣಿಯಲ್ಲಿತ್ತು. ಕುಸುಮಾವತಿ ಅರವತ್ತು ದಾಟಿದವರು, ನೇರ ಬೆನ್ನು. ನೀರು ಕೊಟ್ಟು, ಬೆಲ್ಲ ಕೊಟ್ಟು, ಸುರುಳಿ ಬಿಚ್ಚಿಸಿ, ಜೋಳ ಒಣಗಲು ಹಾಕಿದ ಚಾಪೆಯ ಪಕ್ಕದಲ್ಲಿ ಹದಿನಾಲ್ಕು ಪುಟಗಳನ್ನೂ ಸಾಲಾಗಿ ಹರಡಿದರು. ಮೂಲೆಗಳಿಗೆ ಅವನು ತನ್ನ ಚಪ್ಪಲಿ ಇಡಲು ಹೋದರೆ ತಡೆದು ಒಳಗಿನಿಂದ ನಾಲ್ಕು ನಿಂಬೆಹಣ್ಣು ತಂದಿಟ್ಟರು. ಕನ್ನಡ ಲಿಪಿ ಬಾರದ ಅವರು ಚಿತ್ರವನ್ನೇ ಓದುತ್ತ ಹೋದರು. ರಘೋತ್ತಮನ ಕಣ್ಣು ಗೋಡೆಯ ಮೇಲಿನ ತಾತನ ಫೋಟೋದಲ್ಲಿತ್ತು. ಅದರಲ್ಲಿದ್ದವರು ಕುಳ್ಳಗೆ, ದಪ್ಪಗೆ, ತಲೆಯ ಮೇಲೆ ಕರಿ ಟೋಪಿ, ಕನ್ನಡಕವಿಲ್ಲ. ಅವನ ಚಿತ್ರದಲ್ಲಿದ್ದವರಿಗೂ ಇವರಿಗೂ ಇದ್ದ ಸಂಬಂಧ ಆ ಹೆಸರಿನ ಕೊನೆಯ ನಾಲ್ಕಕ್ಷರ ಮಾತ್ರ. ತಾಯಿ ಉಣಿಸುವ ಪುಟದ ಮುಂದೆ ಕುಸುಮಾವತಿ ಬಹಳ ಹೊತ್ತು ಕೂತರು. ‘ತಾತ ಹುಟ್ಟಿ ನಲವತ್ತು ದಿನಕ್ಕೆ ಅವರ ತಾಯಿ ತೀರಿಕೊಂಡಿದ್ದರು’ ಎಂದರು ಮರಾಠಿಯಲ್ಲಿ, ಮೆತ್ತಗೆ. ನಾಲ್ಕು ಪುಟ ತಾಯಿಯನ್ನೇ ಬರೆದಿದ್ದನಲ್ಲ! ‘ಮಾಫ್ ಕರಾ’ ಎಂದ. ಅವರು ಪುಟದಿಂದ ಕಣ್ಣೆತ್ತದೆ, ‘ಇರಲಿ. ಕಾಗದದ ಮೇಲಾದರೂ ಅವರಿಗೆ ಆಯಿ ಸಿಕ್ಕಳು’ ಎಂದರು.

ಕಾರ್ಡಿನ ವಿಷಯ ಅವರು ಎತ್ತಲೇ ಇಲ್ಲ. ಎತ್ತಲಿ ಎಂದು ಇವನು ಕಾದ, ಚಹ ಮುಗಿಯಿತು, ಅವಲಕ್ಕಿ ಮುಗಿಯಿತು. ಹೊರಡುವಾಗ ಅವರೇ ಏನೋ ನೆನಪಾಗಿ, ‘ನೀವು ಕಾನಡಿಯವರು, ನಿಮ್ಮನ್ನು ಒಂದು ಕೇಳಬೇಕು’ ಎಂದರು. ‘ನಾನು ಸಣ್ಣವಳಿದ್ದಾಗ ತಾತ ನನ್ನನ್ನು ಮೇಲಕ್ಕೆತ್ತುವಾಗ ಯೆತ್ತು, ಯೆತ್ತು ಅನ್ನುತ್ತಿದ್ದರು. ಕೆಳಗೆ ಬಿಡುವಾಗ ಇಳ್ಸು. ಆ ಒಡ್ಡಿನ ಕಲ್ಲು ಹೊತ್ತವರೆಲ್ಲ ನಿಮ್ಮ ಕಡೆಯ ಒಡ್ಡರಂತೆ. ಅವರ ಭಾಷೆ ಇವರಿಗೆ ಬಾರದು, ಇವರ ಭಾಷೆ ಅವರಿಗೆ ಬಾರದು. ಎರಡು ಮಳೆಗಾಲ ಕೂಡಿ ಕೆಲಸ ಮಾಡಿದ್ದಕ್ಕೆ ಇವರಿಗೆ ಬಂದದ್ದು ಈ ಎರಡೇ ಮಾತಂತೆ. ಹಾಗಂದರೇನು?’ ಅವನು ಅರ್ಥ ಹೇಳಿದ. ಕೈಯಿಂದ ಮಾಡಿಯೂ ತೋರಿಸಿದ, ಎತ್ತು, ಇಳಿಸು. ಕುಸುಮಾವತಿ ನಿಂಬೆಹಣ್ಣುಗಳನ್ನು ಮಡಿಲಲ್ಲಿ ಆರಿಸಿಕೊಳ್ಳುತ್ತಿದ್ದವರು ಅಲ್ಲಿಗೇ ನಿಲ್ಲಿಸಿದರು. ‘ಅರವತ್ತು ವರ್ಷ ಅದು ಬರೀ ಆಟದ ಶಬ್ದ ಅಂದುಕೊಂಡಿದ್ದೆ’ ಎಂದರು. ಒಂದು ನಿಂಬೆಹಣ್ಣನ್ನು ಅವನ ಕೈಗಿಟ್ಟರು.

ಬಸ್ ಸ್ಟ್ಯಾಂಡಿಗೆ ವಾಪಸು ಬರುವಾಗ ಅವನಿಗೆ ಒಂದು ಉಪಾಯ ಹೊಳೆಯಿತು. ಕೊನೆಯ ಪುಟದ ಗುಳ್ಳೆಯಲ್ಲಿ ‘ನಾನು ಕನ್ನಡದವನು’ ಎಂದು ಬರೆದರೆ? ಇದರಲ್ಲಿ ಸುಳ್ಳೇನಿದೆ? ಕನ್ನಡ ಊರಿನವನೂ ಕನ್ನಡದವನೇ, ಕನ್ನಡ ನಾಡಿನವನೂ ಕನ್ನಡದವನೇ. ಸಂಘದವರು ಒಂದು ಓದಿಕೊಳ್ಳಲಿ, ಕುಸುಮಾವತಿ ಇನ್ನೊಂದು ಓದಿಕೊಳ್ಳಲಿ. ಆಹಾ, ಎಂಥ ಜಾಣ! ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಜಾಣತನ ಆಫೀಸಿನಲ್ಲಿ ತೋರಿಸಿದ್ದರೆ ಡ್ರಾಫ್ಟ್ಸ್‌ಮನ್ ಆಗುತ್ತಿದ್ದೆ ಎಂದುಕೊಂಡು ನಡೆಯುತ್ತಿದ್ದವನು ದಾರಿಯಲ್ಲಿಟ್ಟಿದ್ದ ಒಂದು ಕಬ್ಬಿಣದ ಬುಟ್ಟಿಗೆ ಎಡವಿ ‘ಅಯ್ಯಯ್ಯೋ, ಸತ್ತೆನವ್ವಾ!’ ಎಂದ.

‘ಯಪ್ಪಾ! ನೀವು ನಮ್ಮ ಕಡಿಯವರೇನ್ರಿ?’

ನೆರಳಿನಲ್ಲಿ ಗಂಟುಮೂಟೆಗಳ ನಡುವೆ ಕೂತ ಒಬ್ಬ ಹೆಂಗಸು ಎದ್ದೇ ಬಂದಳು. ನಲವತ್ತರ ಸುಮಾರು, ಇಳಕಲ್ ಸೀರೆಯ ಮೇಲೆ ಗಂಡಸಿನ ಅಂಗಿ, ಅಂಗಿಯ ಮೇಲೆ ಡಾಂಬರಿನ ಕಲೆ. ಹೆಸರು ಗುಂಡವ್ವ, ಸಿಂದಗಿ ಕಡೆಯವಳು, ರಸ್ತೆಯ ಕೆಲಸಕ್ಕೆ ಬಂದ ಗ್ಯಾಂಗಿನವಳು. ಕೆಲಸ ಮುಗಿದಿದೆ, ಬೇರೆ ಸೈಟಿಗೆ ಹೊರಟಿದ್ದಾರೆ, ಗಂಡಸರು ಚಹಕ್ಕೆ ಹೋಗಿದ್ದಾರೆ. ಇಷ್ಟನ್ನೂ ಅವಳು ಒಂದೇ ಉಸಿರಿಗೆ ಹೇಳಿದಳು. ‘ಎಂಟು ತಿಂಗಳ ಆತ್ರಿ, ನಮ್ಮ ಮಂದಿ ಬಿಟ್ಟು ಬ್ಯಾರೆ ಬಾಯಾಗ ನಮ್ಮ ಮಾತು ಕೇಳಿದ್ದು ಇವತ್ತಽ. ಅದೂ ಎಡವಿ ಬಿದ್ದಾಗ!’ ಎಂದು ನಕ್ಕಳು. ‘ಇಲ್ಲಿಗೆ ಹೆಂಗ ಬಂದ್ರಿ?’ ಎಂದು ಅವನು ಕೇಳಿದ, ಕೇಳಬೇಕಲ್ಲ ಎಂದು.

‘ಅದನ್ನ ಕೇಳಬ್ಯಾಡ್ರಿ, ನಗ್ತೀರಿ. ಪುಣ್ಯಾದಾಗ ಇದ್ವಿ. ದಿನಾ ಬೆಳಗಾದ್ರ ಬೈಗುಳ, ಏನು ಬೈದ್ರು ಅಂತ ಸೈತ ತಿಳೀವಲ್ದು. ಹಿಂಗಿರೂಮುಂದ ನಮ್ಮ ಗ್ಯಾಂಗಿನ ಮುಕಾದಮ ಬಂದು, ಗುಂಡವ್ವಾ, ಕನ್ನಡದಾಗ ಕೆಲಸ ಐತಿ, ಬರ್ತೀಯೇನು ಅಂದ. ಕನ್ನಡದಾಗ ಅಂದಮ್ಯಾಲ ಇನ್ನೇನ್ರಿ! ನಮ್ಮ ನಾಡು, ನಮ್ಮ ಮಾತು, ಬೈದ್ರೂ ತಿಳೀತೈತಿ ಅಂತ ಗಂಟು ಕಟ್ಟಿದ್ನಿ. ಗಂಡಗ ಹೇಳಿದ್ನಿ, ಎಲ್ಲಾರಿಗೂ ಹೇಳಿದ್ನಿ. ಬಂದು ಇಲ್ಲಿ ಇಳದು ಅಂಗಡಿಯಾಂವಗ ಯಣ್ಣಾ ನೀರು ಕೊಡೋ ಅಂದ್ರ ಪಿಳಿಪಿಳಿ ನೋಡ್ತಾನ್ರೀ ಅಂವ!’ ಗುಂಡವ್ವನಿಗೆ ನಗು ತಡೆಯಲಾಗಲಿಲ್ಲ. ‘ಕನ್ನಡ ಅಂತ ಹೆಸರು, ಊರಾಗ ಒಬ್ಬಗೂ ಕನ್ನಡ ಬರಂಗಿಲ್ಲ, ಇದೆಂಥಾ ಊರ್ರೀ ಯಪ್ಪಾ! ನನ್ನ ಗಂಡ ಚನಬಸಪ್ಪ ಇವತ್ತಿಗೂ ಕಂಡಕಂಡವರ ಮುಂದ ಹೇಳ್ತಾನ್ರಿ, ನಮ್ಮಾಕಿ ಕನ್ನಡ ಹುಡುಕ್ಕೋಂತ ಕನ್ನಡಕ್ಕ ಬಂದ್ಲು ಅಂತ.’

ರಘೋತ್ತಮನೂ ನಕ್ಕ. ನಕ್ಕವನು ನಗುತ್ತಲೇ, ಬೇಡ ಬೇಡವೆಂದರೂ ಬಾಯಿಂದ ಬಂದೇಬಿಟ್ಟಿತು: ‘ಎಲ್ಲಾರ ಮುಂದ ಹೇಳಿದಾಗ ನಿಮಗ ನಾಚಿಕಿ ಆಗೂದಿಲ್ಲೇನು?’

‘ನಾಚಿಕಿ ಯಾತರದ್ರಿ? ತಪ್ಪು ತಿಳಕೊಂಡಿದ್ನಿ, ಹೌದು. ಕದ್ದೀನೇನು?’

ಅವಳು ಸಹಜವಾಗಿ ಅಂದದ್ದು. ಅಂದು ಮುಗಿಸಿ ಅವಳು ತನ್ನ ಬುಟ್ಟಿಯನ್ನು ದಾರಿಯಿಂದ ಆಚೆ ಎಳೆದಿಟ್ಟು, ಪೆಟ್ಟಾಯಿತೇನು ಎಂದು ಅವನ ಕಾಲನ್ನು ನೋಡಿದಳು. ಅವನಿಗೆ ಪೆಟ್ಟಾದದ್ದು ಕಾಲಿಗಲ್ಲ. ಕಲ್ಲಿನ ಮುಂದೆ ಅವನು ಮಾಡಿದ್ದೂ ಇವಳು ಮಾಡಿದಂಥದೇ ತಪ್ಪು. ತನ್ನ ಮಾತಿಗಾಗಿ ಬಾಯಾರಿದವರು ಮಾತ್ರ ಮಾಡುವ ತಪ್ಪು. ಅಷ್ಟಕ್ಕೇ ನಿಂತಿದ್ದರೆ ಅವನೂ ಹೀಗೆ ಬಸ್ ಸ್ಟ್ಯಾಂಡಿನಲ್ಲಿ ಕೂತು ನಗಬಹುದಿತ್ತು. ಆಮೇಲೆ ಅವನು ವ್ಯಂ ತೆಗೆದು ವೆಂ ಮಾಡಿದ, ಅಂಗೈಯಿಂದ ಮುಚ್ಚಿಕೊಂಡ, ಕಾರ್ಡನ್ನು ಹನ್ನೆರಡು ದಿನ ಕಿಸೆಯಲ್ಲಿಟ್ಟುಕೊಂಡ. ಅದಕ್ಕೆ ಏನನ್ನಬೇಕು? ಬಸ್ಸು ಬಂತು. ಕೈಯಲ್ಲಿದ್ದ ನಿಂಬೆಹಣ್ಣನ್ನು ಗುಂಡವ್ವನಿಗೆ ಕೊಟ್ಟ. ‘ದಾರಿಯಾಗ ವಾಂತಿ ಬಂದ್ರ ಮೂಸಲಿಕ್ಕೆ ಬರ್ತದ, ಚಲೋ ಆತು’ ಎಂದು ಅವನ ಮಾತಿನ ಧಾಟಿಯನ್ನೇ ಅನುಕರಿಸಿ ಅವಳು ಸೆರಗಿಗೆ ಕಟ್ಟಿಕೊಂಡಳು. ಇವಳಿಗೆ ತಾನು ಏನೂ ಹೇಳಲಿಲ್ಲವಲ್ಲ ಎಂದು ಅವನಿಗೆ ಬಸ್ಸು ಊರು ದಾಟಿದ ಮೇಲೆ ಅನ್ನಿಸಿತು. ನನ್ನದೂ ಅದೇ ಕಥೆ ನೋಡವ್ವಾ ಎನ್ನಬಹುದಿತ್ತು, ಅವಳಿಗಾದರೂ. ಎಲ್ಲವನ್ನೂ ಹೇಳಿಬಿಡುವುದೆಂದು ಆ ಬಸ್ಸಿನಲ್ಲೇ ನಿರ್ಧಾರ ಮಾಡಿದ.

ಆದರೆ ನಿರ್ಧಾರಗಳು ಬಸ್ಸಿನಲ್ಲಿ ಗಟ್ಟಿಯಾಗಿರುತ್ತವೆ. ಮರುದಿನ ಮಧ್ಯಾಹ್ನ ದೇವಳಾಲಿಯ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಶುಭಾ ಓಡಿ ಬಂದಳು. ‘ಅಪ್ಪಾ, ಹರಿದಾಸ ಕಾಕಾ ಬಂದಿದ್ರು! ನಿಮಗ ಶಾಲು ಹೊದಸ್ತಾರಂತ. ಜಮಖಾನಿ ಹಾಸಲಿಕ್ಕೆ ಬ್ಯಾರೆಯವರನ್ನ ನೋಡ್ಯಾರಂತ. ನಾಳೆ ಪುಟ ಎಲ್ಲಾ ಪ್ರೆಸ್ಸಿಗೆ ಕೊಡಬೇಕಂತ.’ ಎಲ್ಲ ಕನ್ನಡದಲ್ಲೇ ಹೇಳಿದಳು, ಒಂದೂ ಮರಾಠಿ ಮಾತಿಲ್ಲದೆ. ಸುಮನ ಒಳಗಿನಿಂದ, ‘ನಿನ್ನೆಯಿಂದ ಹಿಂಗಽ ಮಾತಾಡ್ಲಿಕ್ಕೆ ಹತ್ಯಾಳ ನೋಡ್ರಿ, ಬಾಯಿಗೆ ಬ್ರೇಕ್ ಇಲ್ಲ’ ಎಂದಳು. ಇಂಥ ಮಗಳ ಮುಂದೆ, ಇಂಥ ಮನೆಯಲ್ಲಿ ನಿಂತು, ಅದೆಲ್ಲ ಸುಳ್ಳು ನೋಡು ಎನ್ನುವ ಎದೆ ಯಾರಿಗಿದೆ? ಅವನಿಗಿರಲಿಲ್ಲ. ಕೈಕಾಲು ತೊಳೆದು, ಉಂಡು, ಕಿಟಕಿಯ ಹತ್ತಿರ ಹಲಗೆ ಇಟ್ಟುಕೊಂಡು ಹದಿನೈದನೆಯ ಪುಟದಲ್ಲಿ ಕುಸುಮಾವತಿಯವರ ಮನೆ ಬರೆದ. ಹದಿನಾರನೆಯದರಲ್ಲಿ ಮುದುಕ ವ್ಯಂಕಟರಾಯರು ಮೊಮ್ಮಗಳನ್ನು ಎರಡೂ ಕೈಯಲ್ಲಿ ಮೇಲೆತ್ತಿದ್ದಾರೆ. ಫೋಟೋದ ಮುಖ ಕೈಗೆ ಚೆನ್ನಾಗಿ ಬಂತು, ಕುಳ್ಳಗೆ, ದಪ್ಪಗೆ, ಕರಿ ಟೋಪಿ. ಗುಳ್ಳೆ ಮಾತ್ರ ಖಾಲಿ ಬಿಟ್ಟ. ಶುಭಾ ಪೆನ್ನು ಅದ್ದಿಕೊಂಡು ಕಾಯುತ್ತಿದ್ದಳು.

‘ಇಲ್ಲೆ ಏನು ಬರೀಲಿ?’

‘ಬರಿ’ ಎಂದ ಅವನು, ಅವಳನ್ನು ನೋಡದೆ. ‘ನಾನು ಕನ್ನಡದವನು.’

ಪೆನ್ನು ಕಾಗದಕ್ಕೆ ಮುಟ್ಟಲಿಲ್ಲ. ಹೊರಗೆ ದೂರದಲ್ಲಿ ಮಿಲಿಟರಿಯವರ ತೋಪಿನ ಅಭ್ಯಾಸ ನಡೆದಿತ್ತು; ದಿನಾ ಇರುವಂಥದೇ, ಕಿಟಕಿಯ ಗಾಜು ಸ್ವಲ್ಪ ಅದುರಿತು.

‘ಯಾವ ಕನ್ನಡ, ಅಪ್ಪಾ?’

ಅವನು ಈಗ ನೋಡಿದ. ಅವಳ ಮುಖದಲ್ಲಿ ಕುತೂಹಲವಿರಲಿಲ್ಲ. ಒಡ್ಡಿನ ಮೇಲೆ ಬಾಯಿ ತೆರೆದು ಮುಚ್ಚಿಕೊಂಡ ದಿನದ ಮುಖವೇ ಇದು. ಮರಾಠಿ ಶಾಲೆಯ ಹುಡುಗಿ, ಭೂಗೋಳದಲ್ಲಿ ಮಹಾರಾಷ್ಟ್ರದ ತಾಲೂಕುಗಳನ್ನು ಬಾಯಿಪಾಠ ಮಾಡಿದವಳು, ‘ಕನ್ನಡಚೇ’ ಎಂದರೆ ಏನೆಂದು ಅವಳಿಗೆ ತಿಳಿಯದೆ ಇರುತ್ತದೆಯೆ! ‘ಕಾನಡಿ’ ಎಂದು ಅಣಕಿಸಿಕೊಂಡವಳಿಗೆ ಕಾನಡಿಗೂ ಕನ್ನಡಕ್ಕೂ ಇರುವ ಅಂತರ ಇನ್ನೊಬ್ಬರು ಕಾರ್ಡು ಬರೆದು ತಿಳಿಸಬೇಕೆ! ರಘೋತ್ತಮನಿಗೆ ಕಿವಿಯವರೆಗೂ ನಾಚಿಕೆ ಏರಿತು. ಮಗಳನ್ನು ನಂಬಿಸಿದ್ದೇನೆ ಎಂದು ಹನ್ನೆರಡು ದಿನ ಬೆಂದಿದ್ದ. ಅವಳು ನಂಬಿದ್ದೇ ಇಲ್ಲ.

‘ನಿನಗ ಮೊದಲಽ ಗೊತ್ತಿತ್ತೇನು?’

‘ಹೂಂ.’

‘ಮತ್ತ ಯಾಕ ಹೇಳಲಿಲ್ಲ? ಒಂದು ತಿಂಗಳು ಕೂತು ಇಷ್ಟೆಲ್ಲಾ ಬರದಿ...’

ಶುಭಾ ಪೆನ್ನಿನ ತುದಿಯನ್ನು ದವತಿಯ ಅಂಚಿಗೆ ಒರೆಸಿದಳು. ಮರಾಠಿಯಲ್ಲಿ ಶುರುಮಾಡಿ, ತಡೆದು, ಕನ್ನಡಕ್ಕೆ ಬಂದಳು. ಶಬ್ದ ಹುಡುಕಿ ಹುಡುಕಿ ಹೇಳಿದಳು. ‘ನೀವು ದಿನಾ ಕಾಗದದ ಕೆಳಗ ಸಾಹೇಬರ ನಕ್ಷಾ ಇಟ್ಟು ತೆಗೀತಿದ್ರಿ. ಇದರ ಕೆಳಗ ಏನೂ ಇಟ್ಟಿದ್ದಿಲ್ಲ, ಅಪ್ಪಾ. ಅದಕ್ಕ ನಾ ಬಂದು ಕೂತೆ.’

ವೆಂಕಟರಾಯನಿಗಲ್ಲ, ಅಲ್ಲ ಅಲ್ಲ, ಈ ಹುಡುಗಿ ಬಂದು ಕೂತದ್ದು ತನಗಾಗಿ. ಅತ್ತರೆ ಸುಮನ ಹೊರಗೆ ಬಂದಾಳು ಎಂದು ಎದ್ದು ಹೋಗಿ ಅಂಗಿಯ ಕಿಸೆಯಿಂದ ಕಾರ್ಡು ತಂದು ಮಗಳ ಮುಂದಿಟ್ಟ. ಅವಳು ಓದಿದಳು. ಕುಸುಮಾವತಿಯವರ ತಾತನ ಫೋಟೋ, ತಾಯಿ ಇಲ್ಲದ ಮಗು, ಎತ್ತು, ಇಳಿಸು, ಕನ್ನಡ ಹುಡುಕಿಕೊಂಡು ಕನ್ನಡಕ್ಕೆ ಬಂದ ಗುಂಡವ್ವ, ಎಲ್ಲವನ್ನೂ ಹೇಳಿದ. ಗುಂಡವ್ವನ ಕಥೆಗೆ ಅವಳು ಅಂಗಡಿಯವನ ಹಾಗೆ ಪಿಳಿಪಿಳಿ ಕಣ್ಣು ಮಾಡಿ ತೋರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನೂ ನಕ್ಕ, ಈ ಸಲ ಹಿಂದೆ ಯಾವ ಸಂಕಟವೂ ಬರಲಿಲ್ಲ. ನಾಳೆ ಪ್ರೆಸ್ಸಿಗೆ ಹೋಗುವ ಮೊದಲು ಹರಿದಾಸರಾಯರ ಬ್ಯಾಂಕಿಗೆ ಹೋಗಿ ಹೇಳಬೇಕು ಎಂದ. ಶಾಲು ಬರುವುದಿಲ್ಲ, ಜಮಖಾನಿ ಬರುತ್ತದೆ. ಪುಸ್ತಕವೇ ಬೇಡವೆಂದರೂ ಅನ್ನಬಹುದು. ‘ಕಾಕಾ ಬೈದ್ರ?’ ಎಂದಳು ಶುಭಾ. ‘ಬೈಲಿ, ತಿಳಿಯೋ ಮಾತಿನಾಗಽ ಬೈತಾರಲ್ಲ’ ಎಂದ.

ಖಾಲಿ ಗುಳ್ಳೆಯಲ್ಲಿ ಅವಳು ‘ಎತ್ತು’ ಎಂದು ಬರೆದಳು. ಆ ಮನುಷ್ಯ ನಿಜವಾಗಿ ಆಡಿದ ಕನ್ನಡ ಈ ಹದಿನಾರು ಪುಟದಲ್ಲಿ ಅಷ್ಟೇ ಇತ್ತು. ತಾಯಿಯ ನಾಲ್ಕು ಪುಟವನ್ನು ಏನು ಮಾಡುವುದೆಂದು ಇಬ್ಬರೂ ಬಹಳ ಹೊತ್ತು ನೋಡಿದರು. ಕಾಗದದ ಮೇಲಾದರೂ ಆಯಿ ಸಿಕ್ಕಳು ಎಂದು ಕುಸುಮಾವತಿ ಅಂದ ಮಾತನ್ನೇ ಅದರ ಕೆಳಗೆ ಒಂದು ಸಾಲು ಬರೆದು ಹಾಗೆಯೇ ಬಿಟ್ಟರು. ಮೊದಲ ಪುಟದಲ್ಲಿ ‘ಕನ್ನಡದ’ ಎಂಬುದನ್ನು ಹೆರೆದು ‘ಕನ್ನಡ ಊರಿನ’ ಮಾಡಬೇಕು, ರುಮಾಲು ಕನ್ನಡಕ ತೆಗೆದು ಕರಿ ಟೋಪಿ ಹಾಕಬೇಕು. ಆಮೇಲೆ ಹೆಸರು, ಪ್ರತಿ ಪುಟದಲ್ಲೂ ಎರಡು ಮೂರು ಕಡೆ ಇತ್ತು ಅದು. ರಘೋತ್ತಮ ದಾಡಿಯ ಬ್ಲೇಡನ್ನು ಎರಡು ತುಂಡು ಮಾಡಿ, ಮೂಲೆಯಿಂದ ಮೊದಲನೆಯ ‘ವೆಂ’ ಅನ್ನು ಹಗುರಾಗಿ ಹೆರೆಯತೊಡಗಿದ. ಶಾಯಿ ಕರಿ ಪುಡಿಯಾಗಿ ಎದ್ದಿತು. ಹೆರೆದ ಜಾಗ ಒರಟಾಗಿರುತ್ತದೆ, ಹಾಗೇ ಬರೆದರೆ ಶಾಯಿ ಹರಡುತ್ತದೆ, ಉಗುರಿನ ಬೆನ್ನಿನಿಂದ ಉಜ್ಜಿ ನುಣುಪು ಮಾಡಿಕೊಂಡೇ ಬರೆಯಬೇಕು. ಇಪ್ಪತ್ತೆರಡು ವರ್ಷದಲ್ಲಿ ಅವನು ನಿಜವಾಗಿ ಕಲಿತ ವಿದ್ಯೆ ಅದೊಂದೇ. ಅದನ್ನು ಮಗಳಿಗೆ ತೋರಿಸಿದ. ಅವಳು ಉಗುರಿನಿಂದ ಉಜ್ಜಿದಳು, ಬೆಳಕಿಗೆ ಹಿಡಿದು ನೋಡಿದಳು, ಪೆನ್ನು ಅದ್ದಿದಳು, ‘ವ’ ಬರೆದಳು. ಬರೆದು ನಿಂತಳು.

‘ಅಪ್ಪಾ, ಇದಕ್ಕ ಯ ಒತ್ತು ಹೆಂಗ ಕೊಡೂದು? ಅದು ನನಗಿನ್ನೂ ಬರೂದಿಲ್ಲ.’